ಬಿ.ಪಿ. ಸರಿಯಾದ ಮೇಲೂ ಮಾತ್ರೆ ಏಕೆ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ. ಮಂಡಕ್ಕಿ ಭಟ್ಟಿಯಲ್ಲಿ ದುಡಿದ ಜೀವ. ಕಳೆದ ವರ್ಷ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿದೆವು. ಈಗ ಬಿ.ಪಿ., ಕೊಲೆಸ್ಟ್ರಾಲ್ ಎರಡೂ ಹಿಡಿತದಲ್ಲಿವೆ. ಆದರೂ ಆಸ್ಪಿರಿನ್ ಜೊತೆಗೆ ಅಟೋರ್ವಾಸ್ಟಾಟಿನ್, ರಾಮಿಪ್ರಿಲ್, ಕಾರ್ವೆಡಿಲಾಲ್ ಮುಂದುವರಿಸಲು ಹೇಳಿದ್ದಾರೆ. ಇಷ್ಟೆಲ್ಲ ಬೇಡ, ರಕ್ತನಾಳ ಕಾಯಲು ವಿಟಮಿನ್ ಇ ಗುಳಿಗೆ ಸಾಕು ಎನ್ನುತ್ತಾರೆ ನೆಂಟರೊಬ್ಬರು. ಮಗಳಾಗಿ ನಾನೇನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲೇ ಹೇಳಿಬಿಡುತ್ತೇನಮ್ಮ, ಒಂದು ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಅದರಲ್ಲೂ ಕಾರ್ವೆಡಿಲಾಲ್ ಥಟ್ಟನೆ ಬಿಟ್ಟರೆ ಎದೆನೋವು, ಕೆಲವೊಮ್ಮೆ ಹೃದಯಾಘಾತವೇ ಮರುಕಳಿಸಬಹುದು.

ಚಿತ್ರದುರ್ಗದ ಕಡೆಯ ನಮ್ಮೂರ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಈರುಳ್ಳಿಯ ಪದರ ಬಿಡಿಸಿ, ಅದರ ಒಳಮೈಗೆ ಅಂಟಿದ ಪೊರೆಯನ್ನು ಚಿಮಟದಿಂದ ಮೆಲ್ಲನೆ ಎಳೆದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದರು. ಇಟ್ಟಿಗೆ ಜೋಡಿಸಿದಂತೆ ಕೋಶಗಳು, ದಪ್ಪ ಮಾತ್ರ ಒಂದೇ ಕೋಶದಷ್ಟು. ನಿಮ್ಮ ತಂದೆಯ ರಕ್ತನಾಳದ ಒಳಮೈಯೂ ಅಷ್ಟೇ ತೆಳು. ಆ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸಿ ನಾಳವನ್ನು ಸಡಿಲವಾಗಿಡುತ್ತದೆ. ಈ ಗುಟ್ಟು ಬಿಡಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಹೊಗೆ, ಸಕ್ಕರೆ ಕಾಯಿಲೆ, ಏರಿದ ಬಿ.ಪಿ. ಇವು ಆ ಕೋಶಗಳಲ್ಲಿ ಸೂಪರ್‌ಆಕ್ಸೈಡ್ ಎಂಬ ಉಗ್ರ ಕಣಗಳನ್ನು ಹೆಚ್ಚಿಸುತ್ತವೆ. ಅವು ನೈಟ್ರಿಕ್ ಆಕ್ಸೈಡನ್ನು ಕಬಳಿಸಿ, ಇನ್ನೂ ಕೆಟ್ಟ ವಸ್ತುವಾಗಿ ಕೋಶಕ್ಕೇ ಏಟು ಕೊಡುತ್ತವೆ. ಸೂಪರ್‌ಆಕ್ಸೈಡ್ ತಯಾರಿಸುವ ಕಿಣ್ವವನ್ನು ಕೆರಳಿಸುವುದು ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು. ರಾಮಿಪ್ರಿಲ್ ಆ ಹಾರ್ಮೋನನ್ನೇ ತಗ್ಗಿಸುತ್ತದೆ. ಸ್ಟಾಟಿನ್ ಗುಂಪಿನ ಅಟೋರ್ವಾಸ್ಟಾಟಿನ್ ಕೊಲೆಸ್ಟ್ರಾಲ್ ಇಳಿಸುವುದಲ್ಲದೆ ಅದೇ ಕಿಣ್ವಕ್ಕೆ ಕಡಿವಾಣ ಹಾಕಿ ನೈಟ್ರಿಕ್ ಆಕ್ಸೈಡ್ ಹೆಚ್ಚುವಂತೆ ಮಾಡುತ್ತದೆ. ಕಾರ್ವೆಡಿಲಾಲ್‌ಗಂತೂ ಉಗ್ರ ಕಣಗಳನ್ನು ತಾನೇ ತಣಿಸುವ ಗುಣವಿದೆ. ಇದರಲ್ಲಿ ಬಹುಪಾಲು ಪ್ರಯೋಗಾಲಯದಲ್ಲಿ ಕಂಡದ್ದು. ರೋಗಿಗೆ ಸಿಗುವ ಲಾಭದಲ್ಲಿ ಇದರ ಪಾಲೆಷ್ಟು ಎಂದು ಬೇರ್ಪಡಿಸಿ ತೂಗುವುದು ಕಷ್ಟ. ಲಾಭವಿದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಹಾಗಾದರೆ ವಿಟಮಿನ್ ಇ? 2000ದಲ್ಲಿ ಪ್ರಕಟವಾದ ಹೋಪ್ ಅಧ್ಯಯನ ರಾಮಿಪ್ರಿಲ್, ವಿಟಮಿನ್ ಇ ಎರಡನ್ನೂ ಒಟ್ಟಿಗೇ ಒರೆಗೆ ಹಚ್ಚಿತು. 9 ಸಾವಿರಕ್ಕೂ ಹೆಚ್ಚು ಜನ, ನಾಲ್ಕೂವರೆ ವರ್ಷ. ರಾಮಿಪ್ರಿಲ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಎಲ್ಲವೂ ತಗ್ಗಿದವು. ದಿನಕ್ಕೆ 400 ಯೂನಿಟ್ ವಿಟಮಿನ್ ಇ ನುಂಗಿದವರಿಗೆ ಹೃದಯದ ವಿಷಯದಲ್ಲಿ ಏನೂ ದಕ್ಕಲಿಲ್ಲ. ನಿಮ್ಮ ತಂದೆಗೆ ಹೀಗೆ ಹೇಳಿ: ಮರಳು ಅತಿಯಾಗಿ ಕಾದು ಮಂಡಕ್ಕಿ ಸೀಯತೊಡಗಿದರೆ ಅದರ ಮೇಲೆ ನೀರು ಚಿಮುಕಿಸುತ್ತೀರಾ, ಒಲೆಯ ಉರಿ ತಗ್ಗಿಸುತ್ತೀರಾ? ಹುಟ್ಟಿದ ಉಗ್ರ ಕಣಗಳನ್ನು ತಣಿಸಲು ನೋಡುವ ವಿಟಮಿನ್ ಇ ನೀರು ಚಿಮುಕಿಸಿದಂತೆ, ರಾಮಿಪ್ರಿಲ್ ಉರಿಯನ್ನೇ ತಗ್ಗಿಸುತ್ತದೆ.

ಒಣಕೆಮ್ಮು, ಮಾಂಸಖಂಡಗಳ ನೋವು, ತಲೆಸುತ್ತು ಕಂಡರೆ ವೈದ್ಯರಿಗೆ ತಿಳಿಸಿ, ಮಾತ್ರೆ ಬದಲಿಸಿಕೊಡುತ್ತಾರೆ. ಬೀಡಿಯ ವಿಷಯ ನೀವು ಬರೆದಿಲ್ಲ. ಸೇದುತ್ತಿದ್ದರೆ ಇಂದೇ ಬಿಡಿಸಿ, ನನಗೂ ಒಂದು ಸಾಲು ಬರೆಯಿರಿ.