ಸಿಆರ್‌ಪಿ ಏರಿದೆ ಎಂದರೆ ರಕ್ತದಲ್ಲಿ ಇನ್ಫೆಕ್ಷನ್ ಇದೆ ಎಂದೇ?

ಪ್ರಶ್ನೆ: ಅವ್ವಗೆ 54 ವರ್ಷ. ಸಿಂಧನೂರು ಹತ್ತಿರದ ಹಳ್ಳಿಯಲ್ಲಿ ಭತ್ತದ ನಾಟಿಗೆ, ಕಳೆ ಕೀಳಲು ಹೋಗುತ್ತಾರೆ. ಎರಡು ತಿಂಗಳಿಂದ ಬೆಳಿಗ್ಗೆ ಕೈಬೆರಳ ಗಂಟುಗಳು ಊದಿ ಬಿಗಿದಿರುತ್ತವೆ, ರೊಟ್ಟಿ ಬಡಿಯಲು ಆಗುವುದಿಲ್ಲ. ಹೊತ್ತೇರಿದ ಮೇಲೆ ಸಡಿಲವಾಗುತ್ತದೆ. ಜ್ವರವಿಲ್ಲ. ಸಿಆರ್‌ಪಿ 24, ಇಎಸ್‌ಆರ್ 70, ಹಿಮೋಗ್ಲೋಬಿನ್ 9, ಫೆರಿಟಿನ್ 60. ‘ರಕ್ತದಲ್ಲಿ ಇನ್ಫೆಕ್ಷನ್’ ಎಂದು ಎರಡು ಸಲ ಆ್ಯಂಟಿಬಯೋಟಿಕ್ ಕೊಟ್ಟರೂ ಸಿಆರ್‌ಪಿ ಇಳಿದಿಲ್ಲ. ಮುಂದೇನು?

ಉತ್ತರ: ಮೂರನೇ ಸಲ ಆ್ಯಂಟಿಬಯೋಟಿಕ್ ಬೇಡ. ಸಿಆರ್‌ಪಿ ಯಾವ ರೋಗದ ಹೆಸರೂ ಅಲ್ಲ. ದೇಹದಲ್ಲಿ ಎಲ್ಲೇ ಉರಿಯೂತವಾದರೂ ಅಲ್ಲಿಂದ ಐಎಲ್-6 ಎಂಬ ಸಂದೇಶ ಯಕೃತ್ತಿಗೆ ತಲುಪುತ್ತದೆ, ಯಕೃತ್ತು ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ತಯಾರಿಸುತ್ತದೆ. 1930ರಲ್ಲಿ ಇದು ಮೊದಲು ಕಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಆದರೆ ಪೆಟ್ಟು, ಶಸ್ತ್ರಚಿಕಿತ್ಸೆ, ಸಂಧಿವಾತದಲ್ಲೂ ಏರುತ್ತದೆ. ಕಾರಣ ನಿಂತರೆ ಬೇಗ ಇಳಿಯುತ್ತದೆ: ರಕ್ತದಲ್ಲಿರುವುದು ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತದೆ. ಹಾಗಾಗಿ ಎರಡು ಕೋರ್ಸ್ ಮುಗಿದರೂ ಅಷ್ಟೇ ಇದೆ ಎಂದರೆ ಬೇರೆ ಕಾರಣ ಹುಡುಕಬೇಕು. (ರಿಪೋರ್ಟಿನಲ್ಲಿ ಅಳತೆಯನ್ನೂ ನೋಡಿ. ಲೀಟರಿಗೆ 24 ಮಿಲಿಗ್ರಾಂ ಎಂದರೂ ಡೆಸಿಲೀಟರಿಗೆ 2.4 ಎಂದರೂ ಒಂದೇ. ಲ್ಯಾಬ್ ಬದಲಾದಾಗ ಜನ ಸುಮ್ಮನೆ ಗಾಬರಿಯಾಗುತ್ತಾರೆ.)

ಇಎಸ್‌ಆರ್ ಎಂದರೆ ಕೆಂಪು ರಕ್ತಕಣಗಳು ಕೊಳವೆಯಲ್ಲಿ ತಳಕ್ಕಿಳಿಯುವ ವೇಗ; ಅದು ಏರುವುದೂ ಇಳಿಯುವುದೂ ನಿಧಾನ. ಉರಿಯೂತದಲ್ಲಿ ಫೈಬ್ರಿನೋಜೆನ್ ಎಂಬ ರಕ್ತದ ಪ್ರೋಟೀನ್ ಹೆಚ್ಚಾದಾಗ ಕೆಂಪು ರಕ್ತಕಣಗಳು ನಾಣ್ಯ ಪೇರಿಸಿದಂತೆ ಅಂಟಿಕೊಂಡು ಬೇಗ ತಳಕ್ಕಿಳಿಯುತ್ತವೆ. ರಕ್ತಹೀನತೆಯಿಂದಲೂ ಅದು ಏರುತ್ತದೆ, ನಿಮ್ಮ ತಾಯಿಗೆ ಅದೂ ಇದೆ.

ನನಗೆ ಹೆಚ್ಚು ಕಳವಳ ತಂದದ್ದು ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಸೂಚಕ. 60 ಎಂಬುದು ರಿಪೋರ್ಟಿನಲ್ಲಿ ನಾರ್ಮಲ್ ಎಂದೇ ಅಚ್ಚಾಗಿರುತ್ತದೆ. ಆದರೆ ಉರಿಯೂತವಿದ್ದಾಗ ಫೆರಿಟಿನ್ ತಾನೂ ಏರುವುದರಿಂದ ಕಬ್ಬಿಣದ ಕೊರತೆ ಅದರಡಿ ಮುಚ್ಚಿಹೋಗುತ್ತದೆ. ಉರಿಯೂತವಿರುವ ವಯಸ್ಕರಲ್ಲಿ 70ಕ್ಕಿಂತ ಕಡಿಮೆಯಿದ್ದರೆ ಕೊರತೆಯನ್ನು ಶಂಕಿಸಬೇಕು. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನಲ್ಲಿ ಎಷ್ಟು ಪಾಲು ಕಬ್ಬಿಣ ತುಂಬಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆ ಮಾಡಿಸಿ. ಕೊರತೆ ಖಚಿತವಾದರೆ ಕಬ್ಬಿಣ ಎಲ್ಲಿ ನಷ್ಟವಾಗುತ್ತಿದೆ ಎಂಬುದನ್ನೂ ವೈದ್ಯರು ನೋಡಬೇಕು.

ಬೆಳಗಿನ ಬಿಗಿತ, ಊದಿದ ಬೆರಳ ಗಂಟು, ಆರು ವಾರ ದಾಟಿದ ನೋವು ರುಮಟಾಯ್ಡ್ ಸಂಧಿವಾತದ (ದೇಹದ ರೋಗನಿರೋಧಕ ಶಕ್ತಿಯೇ ಗಂಟುಗಳ ಮೇಲೆ ತಿರುಗಿಬೀಳುವ ರೋಗ) ಕಡೆ ಬೆರಳು ತೋರಿಸುತ್ತವೆ. ಈ ರೋಗದ ಪ್ರತಿಕಾಯ ಹುಡುಕುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆಯ ಜೊತೆ ಆ್ಯಂಟಿ-ಸಿಸಿಪಿ ಪರೀಕ್ಷೆಯೂ ಬೇಕು. ಎರಡೂ ನೆಗೆಟಿವ್ ಬಂದರೂ ರೋಗವಿಲ್ಲ ಎಂದು ಹೇಳಲಾಗದು, ಗಂಟುಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ತಡವಾದಷ್ಟೂ ಮೂಳೆ ಸವೆಯುತ್ತದೆ, ಅದು ಮರಳಿ ಬರುವುದಿಲ್ಲ. ರಾಯಚೂರಿನ ರಿಮ್ಸ್ ಮೆಡಿಸಿನ್ ವಿಭಾಗಕ್ಕೆ ಈ ವಾರವೇ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಯಾರಾದರೂ ಸ್ಟೆರಾಯ್ಡ್ ಸೂಜಿ ಕೊಡಲು ಬಂದರೆ ಬೇಡವೆನ್ನಿ. ನೋವೂ ಸಿಆರ್‌ಪಿಯೂ ಕೆಲ ದಿನ ಇಳಿದು ರೋಗ ವೈದ್ಯರ ಕಣ್ಣಿಗೆ ಬೀಳದೆ ಒಳಗೇ ಉಳಿಯುತ್ತದೆ. ಇದುವರೆಗೆ ನುಂಗಿದ ಮಾತ್ರೆಗಳ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಿರಿ.