ಮಗಳಿಗೆ ಇಂಜಿನಿಯರಿಂಗ್ ಸೀಟಿನ ಮಾಕ್ ಅಲಾಟ್‌ಮೆಂಟಲ್ಲಿ (ಅಸಲಿ ಹಂಚಿಕೆಗೆ ಮುಂಚಿನ ಟ್ರಯಲ್ಲು) ಸಿವಿಲ್ ಬಂದಿದೆ, ಅವಳಿಗೆ ಇಷ್ಟಾನೇ, ಆದ್ರೆ ಹುಡುಗೀರಿಗೆ ಸೂಟ್ ಆಗಲ್ಲ, ಸಿಎಸ್ (ಕಂಪ್ಯೂಟರ್ ಸೈನ್ಸ್) ಮೇಲಕ್ಕೆ ಹಾಕಿ ಅಂತಾರೆ ಭಾವ. ಏನ್ ಮಾಡ್ಲಿ?

"ಹುಡುಗಿ ಬಿಸಿಲಲ್ಲಿ ಸಿಮೆಂಟ್ ಧೂಳು ತಿನ್ಕೊಂಡು ನಿಲ್ಬೇಕಾ" ಅಂತ ಭಾವ ಅಂದ್ರು ಅಂತ ಬರ್ದಿದೀರಲ್ಲ, ನಮ್ಮ ಸೋದರಮಾವ 2005ರಲ್ಲಿ ಇದನ್ನೇ ಹೇಳಿದ್ರು, ಅಕ್ಷರಕ್ಕೆ ಅಕ್ಷರ. ನಾನು ಸಿವಿಲ್ಲೇ ತಗೊಂಡೆ. 2009ರಲ್ಲಿ ಮುಗಿಸ್ದಾಗ ಕ್ಲಾಸಲ್ಲಿ ಒಂಬತ್ತು ಹುಡುಗೀರು, ಸೈಟಿಗೆ ಹೋದವಳು ನಾನೊಬ್ಬಳೇ, ಮಿಕ್ಕೋರು ಲೆಕ್ಚರರ್ರು, ಸಾಫ್ಟ್‌ವೇರು, ಮದುವೆ.

ಹೊಸಕೋಟೆ ಕಡೆ ಒಂದು ಅಪಾರ್ಟ್‌ಮೆಂಟ್ ಸೈಟು. ತಿಂಗಳಿಗೆ ಒಂಬತ್ತು ಸಾವಿರ. ಹೆಂಗಸ್ರಿಗೆ ಟಾಯ್ಲೆಟ್ ಇರ್ಲಿಲ್ಲ, ಒಂದ್ ಕಿಲೋಮೀಟರ್ ಆಚೆ ಪೆಟ್ರೋಲ್ ಬಂಕಿಗೆ ಹೋಗ್ಬೇಕಿತ್ತು, ಅದಕ್ಕೇ ಬೆಳಗ್ಗೆಯಿಂದ ನೀರೇ ಕುಡೀತಿರ್ಲಿಲ್ಲ, ಉರಿಮೂತ್ರ ಆಗಿ ಎರಡ್ ಸಲ ರಜ ಹಾಕಿದೀನಿ, ಎರಡೂ ಸಲ ಕಾರಣ "ಜ್ವರ" ಅಂತ ಬರ್ದೆ. ಸೈಟಲ್ಲಿ ಹೆಂಗಸ್ರೇ ಇರಲ್ಲ ಅಂತಾರಲ್ಲ, ಶುದ್ಧ ಸುಳ್ಳು. ರಾಯಚೂರು, ಯಾದಗಿರಿ ಕಡೆ ಹೆಂಗಸ್ರು ಐವತ್ತು ಜನಕ್ಕಿಂತ ಜಾಸ್ತಿ ಇದ್ರು, ತಲೆ ಮೇಲೆ ಬಾಂಡ್ಲಿ ಹೊತ್ಕೊಂಡು ಮೂರನೇ ಮಹಡಿಗೆ ಜಲ್ಲಿ ಏರಿಸ್ತಿದ್ರು. ಇದು ನಿಮಗೆ ಸೂಟ್ ಆಗುತ್ತೇನಮ್ಮ ಅಂತ ಯಾವ ಭಾವನೂ ಅವರನ್ನ ಕೇಳಿಲ್ಲ. ಹೆಲ್ಮೆಟ್ ಹಾಕ್ಕೊಂಡು ಕೈಯಲ್ಲಿ ಡ್ರಾಯಿಂಗ್ ಹಿಡಿದ್ರೆ ಮಾತ್ರ ಈ ಪ್ರಶ್ನೆ ಹುಟ್ಟುತ್ತೆ.

ಈಗ ನಾನು ಮಾಡಿದ ತಪ್ಪು. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಎಲ್ರೂ ಇದನ್ನ ಬೇರೆ ಥರ ಅರ್ಥ ಮಾಡ್ಕೋತಾರೆ.

2010ರ ಮಳೆಗಾಲ. ಸ್ಲ್ಯಾಬ್ ಕಾಂಕ್ರೀಟು, ಎಂ30, ಅಂದ್ರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 30 ನ್ಯೂಟನ್ ಬಲ ಬರ್ಬೇಕಾದ್ದು. ಹಗಲು ಟ್ರಾಫಿಕ್ ಜಾಸ್ತಿ ಇರೋ ಹೊತ್ತಲ್ಲಿ ದೊಡ್ಡ ಲಾರಿ ಓಡಿಸೋ ಹಾಗಿರ್ಲಿಲ್ಲ, ಅದಕ್ಕೆ ದೊಡ್ಡ ಕಾಂಕ್ರೀಟ್ ಅಂದ್ರೆ ರಾತ್ರೀನೇ. ಅವತ್ತು ಸಂಜೆ ಆರಕ್ಕೆ ಶುರು ಆಗ್ಬೇಕಿದ್ದು ಎಂಟಕ್ಕೆ ಶುರು ಆಯ್ತು. ನನ್ನ ಪಿಜಿ ಕೆ.ಆರ್. ಪುರದಲ್ಲಿ, ಒಂಬತ್ತೂವರೆಗೆ ಗೇಟ್ ಬೀಗ. ಪೋರ್ ಕಾರ್ಡ್ ಅಂತ ಒಂದು ಶೀಟ್ ಇರುತ್ತೆ, ಮೇಲಿನ ಭಾಗ ಕಾಂಕ್ರೀಟ್ ಹಾಕೋಕೆ ಮುಂಚೆ: ಕಂಬಿ ಸರಿ ಇದ್ಯಾ, ಕವರ್ ಬ್ಲಾಕ್ ಇಟ್ಟಿದಾರಾ, ಶಟರಿಂಗ್ ಗಟ್ಟಿ ಇದ್ಯಾ. ಅದನ್ನ ನಾನೇ ಮಂಡಿಯೂರಿ ಚೆಕ್ ಮಾಡಿ ಸೈನ್ ಹಾಕಿದ್ದೆ, ಅದ್ರಲ್ಲಿ ಒಂದೇ ಒಂದು ತಪ್ಪಿಲ್ಲ, ಇವತ್ತೂ ಎದೆ ತಟ್ಟಿ ಹೇಳ್ತೀನಿ. ಕೆಳಗಿನ ಭಾಗ ಹಾಕೋವಾಗಿನದು: ಲಾರಿ ಬಂದ ಟೈಮು, ಸ್ಲಂಪ್ (ಕಾಂಕ್ರೀಟ್ ಎಷ್ಟು ತೆಳು ಇದೆ ಅನ್ನೋ ಅಳತೆ) ಎಷ್ಟು, ಬಲ ಟೆಸ್ಟ್ ಮಾಡೋಕೆ ಅಚ್ಚಲ್ಲಿ ತುಂಬೋ ಕ್ಯೂಬ್ ಎಷ್ಟು ತೆಗೆದ್ರು, ಹಾಜರಿದ್ದ ಇಂಜಿನಿಯರ್ ಸೈನು. ಸೂಪರ್‌ವೈಸರ್ ಬಂದು "ಮೇಡಂ, ಕೆಳಗೂ ಒಂದ್ ಸೈನ್ ಹಾಕ್ಬಿಡಿ, ನಂಬರ್ ನಾನ್ ತುಂಬ್ಕೋತೀನಿ, ನೀವ್ ಹೊರಡಿ" ಅಂದ. ಹಾಕ್ಬಿಟ್ಟೆ.

ಹಾಗೆ ಹುಡುಗ್ರೂ ಹಾಕ್ತಿದ್ರು, ಸುಳ್ಳಲ್ಲ. ಆದ್ರೆ ಅವರು ಸೈಟ್ ಪಕ್ಕದ ರೂಮಲ್ಲೇ ಇರ್ತಿದ್ರು, ಫೋನ್ ಬಂದ್ರೆ ಐದ್ ನಿಮಿಷದಲ್ಲಿ ಬೈಕಲ್ಲಿ ಬರೋರು. ನಾನು ಬೀಗದ ಒಳಗೆ.

ರಾತ್ರಿ ಲಾರಿಗಳು ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ಲೇಟಾಗಿವೆ, ಕಾಂಕ್ರೀಟ್ ಗಟ್ಟಿಯಾಗ್ತಾ ಬಂದಿದೆ, ಪಂಪು ಕಟ್ಕೊಂಡಿದೆ, ಇವರು ಡ್ರಮ್ಮಿಗೆ ಪೈಪ್ ಬಿಟ್ಟು ನೀರು ಹಾಕ್ಬಿಟ್ಟಿದಾರೆ. ಸಿಮೆಂಟ್ ಅಷ್ಟೇ ಇದ್ದು ನೀರು ಜಾಸ್ತಿ ಆದ್ರೆ ಹರಿಯೋದೇನೋ ಚೆನ್ನಾಗೇ ಹರಿಯುತ್ತೆ, ಆಮೇಲೆ ಬಲ ಬರಲ್ಲ. ಏಳು ದಿನದ ಕ್ಯೂಬ್ ಒಡೆದ್ರೆ ಹೆಚ್ಚುಕಮ್ಮಿ 20 ಬರ್ಬೇಕು, 13 ಬಂತು. 28 ದಿನಕ್ಕೆ 30 ಬರೋ ಜಾಗದಲ್ಲಿ 21. ಸ್ಲ್ಯಾಬನ್ನೇ ಕೊರೆದು ತುಂಡು (ಕೋರ್) ತೆಗೆಸಿದ್ರು, ಕೋಡ್ ಪ್ರಕಾರ ಕೋರಿನ ಸರಾಸರಿ 30ರ 85 ಪರ್ಸೆಂಟ್ ಆದ್ರೂ ಬರ್ಬೇಕು, ಸ್ಲ್ಯಾಬಿನ ಒಂದು ಭಾಗದಲ್ಲಿ ಅದೂ ಬರ್ಲಿಲ್ಲ. ಅಷ್ಟನ್ನೂ ಬ್ರೇಕರ್ ಹಾಕಿ ಒಡೆದು ಮತ್ತೆ ಹಾಕಿದ್ರು. ಪೋರ್ ಕಾರ್ಡ್ ನೋಡಿದ್ರೆ ಮೂವತ್ತನಾಲ್ಕು ಲಾರಿಗೂ ಸ್ಲಂಪ್ 120, ಒಂದೇ ಪೆನ್ನು, ಒಂದೇ ಕೈಬರಹ, ಕೆಳಗೆ ನನ್ನ ಸೈನು. ಸೈಟ್ ಗೇಟಿನ ರಿಜಿಸ್ಟರಲ್ಲಿ ರಾತ್ರಿ 8.40ಕ್ಕೆ ಔಟು. ಅದೂ ನನ್ನದೇ ಸೈನು.

ಬೇಗ ಮನೆಗೆ ಹೋಗಿದ್ದೇ ತಪ್ಪು ಅಂತ ಎಲ್ರೂ ಅಂದ್ರು. ಅಲ್ಲ. ಪಿಜಿಗೆ ಗೇಟ್ ಟೈಮಿಂಗ್ ಇದೆ ಅಂತ ಬಾಯಿಬಿಟ್ಟು ಹೇಳದೇ ಇದ್ದಿದ್ದು ತಪ್ಪು. ಮಧ್ಯಾಹ್ನಾನೇ ಮ್ಯಾನೇಜರ್ ಹತ್ರ "ಸರ್, ರಾತ್ರಿಗೆ ಕ್ಯಾಬ್ ಕೊಡಿ ಇಲ್ಲ ಇನ್ನೊಬ್ಬರನ್ನ ಹಾಕಿ" ಅಂದಿದ್ರೆ ಬೈಕೊಂಡೇ ಆದ್ರೂ ಹಾಕ್ತಿದ್ರು. ಕೇಳಿದ್ರೆ "ನೋಡಿ, ಹುಡುಗೀರು ಅಂದ್ರೆ ಇದೇ" ಅಂತಾರೆ ಅಂತ ಹೆದರಿ ವರ್ಷಪೂರ್ತಿ ಏನೂ ಕೇಳದೇ ಇದ್ದೆ, ಟಾಯ್ಲೆಟ್ ಕೇಳಲಿಲ್ಲ, ಕ್ಯಾಬ್ ಕೇಳಲಿಲ್ಲ, ನಾನೂ ಹುಡುಗ್ರ ಥರಾನೇ ಅಂತ ತೋರ್ಸೋಕೆ ಹೋಗಿ ಖಾಲಿ ಕಾಲಮ್ಮಿಗೆ ಸೈನ್ ಹಾಕ್ದೆ. ಕೊನೆಗೆ ಆ ಮಾತು ಅಂದೇ ಅಂದ್ರು. ಆಮೇಲೆ ಆ ಸೈಟಿಗೆ ಇನ್ನೊಬ್ಬ ಹುಡುಗೀನ ತಗೊಳ್ಳಲೇ ಇಲ್ಲ, ನನ್ನನ್ನ ಎರಡೂವರೆ ವರ್ಷ ಬಿಲ್ಲಿಂಗ್ ಸೆಕ್ಷನ್ನಿಗೆ ಹಾಕಿದ್ದಕ್ಕಿಂತ ಅದೇ ಜಾಸ್ತಿ ಹೊಟ್ಟೆ ಉರಿಸುತ್ತೆ.

ಹಂಗಾದ್ರೆ ಸಿಎಸ್ ಸೇಫಲ್ವಾ ಅಂತೀರಾ? ನನ್ನ ರೂಮ್‌ಮೇಟ್ ಎಂಟು ತಿಂಗಳ ಮಗೂನ ತೊಡೆ ಮೇಲೆ ಹಾಕ್ಕೊಂಡು ರಾತ್ರಿ ಎರಡು ಗಂಟೆಗೆ ಸಾಫ್ಟ್‌ವೇರ್ ಕೈಕೊಟ್ಟಿದೆ ಅಂತ ಪ್ರೊಡಕ್ಷನ್ ಕಾಲ್‌ನಲ್ಲಿರ್ತಾಳೆ. ಇನ್ನೊಬ್ಬಳು ಎಲೆಕ್ಟ್ರಿಕಲ್, 220 ಕೆವಿ ಸಬ್‌ಸ್ಟೇಷನ್ನಲ್ಲಿ ಅಸಿಸ್ಟೆಂಟ್ ಇಂಜಿನಿಯರ್, ಮಳೆ ಗಾಳಿ ಬಂದ್ರೆ ಅವಳ ಫೋನ್ ಎಂಗೇಜು. ಬಿಡದಿ ಕಡೆ ಫ್ಯಾಕ್ಟರೀಲಿರೋ ಮೆಕ್ಯಾನಿಕಲ್ ಗೆಳತಿಗೆ ರಾತ್ರಿ ಪಾಳಿಗೆ ಕಾನೂನೇ ಅಡ್ಡ ಇತ್ತು, 1948ರ ಫ್ಯಾಕ್ಟರೀಸ್ ಆಕ್ಟು, ಹೆಂಗಸ್ರಿಗೆ ಬೆಳಗ್ಗೆ ಆರರಿಂದ ಸಂಜೆ ಏಳರವರೆಗೆ ಮಾತ್ರ. 2019ರಲ್ಲಿ ನಮ್ಮ ರಾಜ್ಯದಲ್ಲಿ ರಾತ್ರಿಗೂ ಬಿಟ್ರು, ಆದ್ರೆ ಅವಳ ಒಪ್ಪಿಗೆ ಬರವಣಿಗೇಲಿ ಇರ್ಬೇಕು, ಗಾಡಿ ಕೊಡ್ಬೇಕು ಅಂತ ಕಂಡೀಷನ್ ಹಾಕಿ. ನೋಡಿ, ನಾನು ನಾಚ್ಕೊಂಡು ಕೇಳದೇ ಇದ್ದ ಕ್ಯಾಬು ಅಲ್ಲಿ ರೂಲೇ ಆಗೋಯ್ತು.

ಹುಡುಗೀರಿಗೆ ಸೂಟ್ ಆಗೋ ಬ್ರಾಂಚ್ ಅಂತ ಒಂದಿದೆ ಅನ್ನೋ ನಿಮ್ಮ ಭಾವನ ನಂಬಿಕೇನ ನಾನು ಒಪ್ಪಲ್ಲ. ಜಮ್ಮು ಕಾಶ್ಮೀರದ ಚೆನಾಬ್ ರೈಲ್ವೆ ಸೇತುವೆ 2025ರ ಜೂನಲ್ಲಿ ಓಪನ್ ಆದಾಗ ನಮ್ಮ ಬೆಂಗಳೂರು ಐಐಎಸ್‌ಸಿ ಪ್ರೊಫೆಸರ್ ಮಾಧವಿ ಲತಾ ಫೋಟೋ ಎಲ್ಲಾ ಫ್ಯಾಮಿಲಿ ಗ್ರೂಪಲ್ಲೂ ಬಂತು. ನದಿಯಿಂದ 359 ಮೀಟರ್ ಎತ್ತರದ ಸೇತುವೆ, ಅದರ ಬಂಡೆ ಇಳಿಜಾರು ಕುಸೀದೇ ಇರೋ ಹಾಗೆ ಮಾಡೋ ಕೆಲಸದಲ್ಲಿ ಅವರು 17 ವರ್ಷ ಇದ್ರು. ಓದಿದ್ದು ಸಿವಿಲ್ಲೇ. "ನಾನು ಸಾವಿರಾರು ಜನರಲ್ಲಿ ಒಬ್ಬಳು ಅಷ್ಟೇ" ಅಂತ ಆಮೇಲೆ ಅವರೇ ಬರೆದ್ರು, ಅದನ್ನ ಯಾರೂ ಫಾರ್ವರ್ಡ್ ಮಾಡ್ಲಿಲ್ಲ. ನಮ್ಮ ಸೋದರಮಾವ ಫೋಟೋನ ಎರಡ್ ಸಲ ಕಳ್ಸಿದ್ರು.

ದುಡ್ಡಿನ ವಿಷ್ಯಕ್ಕೆ ಸಿಎಸ್ ಬೇಕು ಅಂದ್ರೆ ಅದು ನ್ಯಾಯವಾದ ಕಾರಣ, ಸಿವಿಲ್ ಫ್ರೆಶರ್ ಸಂಬಳ ಇವತ್ತೂ ಸಾಫ್ಟ್‌ವೇರ್ ಮುಂದೆ ಹೇಳ್ಕೊಳ್ಳೋ ಹಾಗಿಲ್ಲ. ನಾನೇ ಕಂಪನಿ ಬದಲಾಯಿಸಿ ಕ್ವಾಲಿಟಿ ಕಡೆ ಬಂದು ಒಂದು ಲೆವೆಲ್ಲಿಗೆ ಬರೋಕೆ ಎಂಟು ವರ್ಷ ಹಿಡೀತು. ಈಗ ಬೇರೆಯವರ ಪೋರ್ ಕಾರ್ಡ್ ಚೆಕ್ ಮಾಡೋದೇ ನನ್ನ ಕೆಲಸ, ಒಂದೇ ಪೆನ್ನಲ್ಲಿ ಎಲ್ಲಾ 120 ಅಂತ ಇದ್ರೆ ದೂರದಿಂದ್ಲೇ ವಾಸನೆ ಹೊಡೆಯುತ್ತೆ. ಸೈನ್ ಪಕ್ಕದಲ್ಲಿ ಟೈಮ್ ಬರೆಯೋದು ಎಷ್ಟು ಅಭ್ಯಾಸ ಆಗಿದೆ ಅಂದ್ರೆ ಒಂದ್ಸಲ ಬ್ಯಾಂಕ್ ಚೆಕ್ಕಿನ ಮೇಲೂ ಬರ್ದು ಕ್ಲರ್ಕ್ ನನ್ನ ಮುಖ ನೋಡಿದ್ದ.

ಮಗಳಿಗೆ ಸಿವಿಲ್ ಇಷ್ಟ ಅಂತ ನೀವೇ ಬರ್ದಿದೀರಿ. ಮಾಕ್ ಆದ್ಮೇಲೆ ಆಪ್ಷನ್ ಹಿಂದೆಮುಂದೆ ಮಾಡೋಕೆ ಟೈಮ್ ಕೊಡ್ತಾರೆ, ಅವಳನ್ನೇ ಕೂರಿಸಿ ಹಾಕ್ಸಿ. ಸೀಟು ಹಂಚೋ ಪರೀಕ್ಷಾ ಪ್ರಾಧಿಕಾರದ (ಕೆಇಎ) ಲಾಗಿನ್ ಪಾಸ್‌ವರ್ಡ್ ಭಾವನ ಹತ್ರ ಇದ್ರೆ ಇವತ್ತೇ ಚೇಂಜ್ ಮಾಡಿ.