ಗೋದಾಮಿಗೆ ಬೆಂಕಿ ಬಿದ್ದಿದೆ, ತನಿಖೆ ಯಾರು ಮಾಡಬೇಕು?

ಪ್ರಶ್ನೆ: ಸಾರ್, ಊರಂಚಿನಲ್ಲಿ ನಮ್ಮದೊಂದು ಅಡಿಕೆ ಗೋದಾಮು ಇದೆ. ಹೋದ ವಾರ ರಾತ್ರಿ ಬೆಂಕಿ ಬಿದ್ದು ಚೀಲಗಳೆಲ್ಲ ಸುಟ್ಟವು, ಪಕ್ಕದ ಕೊಟ್ಟಿಗೆಯಲ್ಲಿದ್ದ ಹಸುವೂ ಸತ್ತಿತು. ಶಾರ್ಟ್ ಸರ್ಕ್ಯೂಟ್ ಇರಬಹುದು ಅಂತ ಅಗ್ನಿಶಾಮಕದವರು ಹೇಳಿದರು. ಆದರೆ ಸಂಜೆಯೇ ಮೇನ್ ಸ್ವಿಚ್ ಆಫ್ ಮಾಡಿದ್ದೆ, ಹಿಂಬಾಗಿಲ ಬೀಗ ಬೇರೆ ಒಡೆದಿತ್ತು. ಜಾಗದ ವಿಷಯಕ್ಕೆ ಒಬ್ಬರ ಜೊತೆ ತಕರಾರೂ ಇದೆ. ಪಾಲಿಕೆಯವರು ತನಿಖೆ ಮಾಡುತ್ತಾರಾ? ಠಾಣೆಯಲ್ಲಿ ‘ರಿಪೋರ್ಟ್ ಬರಲಿ, ನೋಡೋಣ’ ಅನ್ನುತ್ತಾರೆ. ಮೊದಲು ಹೊಗೆ ನೋಡಿದ್ದು ನಮ್ಮಮ್ಮ, ಅವರಿಗೆ 70 ವರ್ಷ. ಅವರನ್ನೂ ಠಾಣೆಗೆ ಅಲೆಸುತ್ತಾರಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಪಾಲಿಕೆಗೆ ಆ ಅಧಿಕಾರ ಇಲ್ಲ. ಲೈಸೆನ್ಸ್ ಇದೆಯಾ, ಕಟ್ಟಡ ಪ್ಲಾನ್ ಪ್ರಕಾರ ಇದೆಯಾ, ಸುಟ್ಟ ಗೋಡೆ ಯಾರ ಮೇಲಾದರೂ ಬೀಳುವ ಹಾಗಿದೆಯಾ ಅಂತ ಅವರು ನೋಡಬಹುದು, ನೋಟಿಸ್ ಕೊಡಬಹುದು, ಅಷ್ಟೆ. ಅಗ್ನಿಶಾಮಕದವರಿಗೆ 1964ರ ಕಾಯ್ದೆ ಇದೆ. ಬೆಂಕಿ ಆರಿಸಲು ಬಾಗಿಲು ಒಡೆಯಬಹುದು, ರಸ್ತೆ ಬಂದ್ ಮಾಡಬಹುದು. ಅವರು ಕೊಡುವ ವರದಿ ವಿಮೆಗೆ ಬೇಕೇ ಬೇಕು. ಆದರೆ ಅದರಲ್ಲಿ ಬರೆಯುವ ಕಾರಣ ಅವರ ಅಂದಾಜು ಮಾತ್ರ, ತೀರ್ಪಲ್ಲ. ಕಾರಣ ಗೊತ್ತಾಗದಿದ್ದರೆ ಶಾರ್ಟ್ ಸರ್ಕ್ಯೂಟ್ ಅಂತ ಹೇಳಿ ಮುಗಿಸುವುದು ನಮ್ಮಲ್ಲಿ ಸ್ವಲ್ಪ ಜಾಸ್ತಿಯೇ ಆಯ್ತು.

ಹಚ್ಚಿದ್ದು ಯಾರು ಅಂತ ಹುಡುಕಬೇಕಾದವರು ಪೊಲೀಸರು. ಮನೆಗೆ ಅಥವಾ ಸಾಮಾನು ಇಡುವ ಕಟ್ಟಡಕ್ಕೆ ಬೇಕಂತಲೇ ಬೆಂಕಿ ಇಟ್ಟರೆ ಭಾರತೀಯ ನ್ಯಾಯ ಸಂಹಿತೆಯ 326(ಜಿ) ಪ್ರಕಾರ 10 ವರ್ಷದವರೆಗೆ ಜೈಲು, ಜೀವಾವಧಿಯೂ ಆಗಬಹುದು. ಇಂಥ ದೂರು ಬಂದಾಗ ಮೊದಲು ಎಫ್‌ಐಆರ್, ಆಮೇಲೆ ರಿಪೋರ್ಟು. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಕೇಸಿಗಾದರೆ 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶ ಇದೆ, ನಿಮ್ಮದಕ್ಕೆ ಅದು ಅನ್ವಯಿಸುವುದಿಲ್ಲ. ಆದರೂ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ.

ದೂರಿನಲ್ಲಿ ಬೀಗದ ವಿಷಯ, ಸ್ವಿಚ್ಚಿನ ವಿಷಯ ಸರಿಯಾಗಿ ಬರೆಯಿರಿ. ತಕರಾರು ಇದೆ ಅಂತಲೂ ಬರೆಯಿರಿ, ಆದರೆ ಇವರೇ ಹಚ್ಚಿದ್ದು ಅಂತ ಸುಮ್ನೆ ಬರೆಯಬೇಡಿ, ಸಾಕ್ಷಿ ಇಲ್ಲದೆ ಹೆಸರು ಹಾಕಿದರೆ ನಾಳೆ ಅದು ನಿಮಗೇ ತಿರುಗುತ್ತದೆ. 7 ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಕೇಸಿದು, ಹಾಗಾಗಿ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ತಜ್ಞರನ್ನು ಸ್ಥಳಕ್ಕೆ ಕರೆಸಿ ಅಂತಲೂ ಕೇಳಿ. ಹೊಸ ಕಾನೂನು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಇದನ್ನು ಕಡ್ಡಾಯ ಮಾಡಿದೆ, ಪೂರ್ತಿ ಜಾರಿಗೆ ರಾಜ್ಯಗಳಿಗೆ 5 ವರ್ಷ ಟೈಮ್ ಕೊಟ್ಟಿದೆ.

ತಜ್ಞರು ಬರುವವರೆಗೆ ಬೂದಿ ಗುಡಿಸಬೇಡಿ. ಮಹಜರು ಆಗುವ ಮೊದಲು ಗೋದಾಮು ತೊಳೆದುಬಿಟ್ಟರೆ ಯಾವ ಅಧಿಕಾರಿಯೂ ಏನೂ ಮಾಡಲಾಗದು. ಮಲೆನಾಡಿನ ಮಳೆ ಬೇರೆ, ಫೋಟೊ, ವಿಡಿಯೊ ತೆಗೆದು ಮೇಲೆ ಟಾರ್ಪಾಲ್ ಕಟ್ಟಿಸಿ. ಸುಟ್ಟ ಗೋಣಿಯನ್ನು ನೀವೇ ಎತ್ತಿ ಮಾಮೂಲಿ ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ಪೆಟ್ರೋಲ್, ಸೀಮೆಎಣ್ಣೆಯ ಅಂಶ ಇದ್ದರೂ ಆವಿಯಾಗಿ ಹೋಗುತ್ತದೆ. ಗಾಳಿ ಆಡದ ಡಬ್ಬಿಯಲ್ಲಿ ತಜ್ಞರೇ ತೆಗೆಯಲಿ.

ಹಸು ಸತ್ತಿದೆ ಅಂದಿರಿ, ಅದು ಮುಖ್ಯ. ಕರೆಂಟಿನಿಂದ ಮನುಷ್ಯರಿಗೋ ದನಕ್ಕೋ ಜೀವಹಾನಿ ಆಗಿರಬಹುದು ಅನ್ನಿಸಿದರೆ 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ವಿದ್ಯುತ್ ಪರಿವೀಕ್ಷಕರಿಂದ ವಿಚಾರಣೆ ಮಾಡಿಸಬಹುದು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ. ಮೆಸ್ಕಾಂ ಕಚೇರಿಗೂ ಪರಿವೀಕ್ಷಕರ ಕಚೇರಿಗೂ ಒಂದೊಂದು ಅರ್ಜಿ ಕೊಡಿ. ವೈರಿಂಗ್ ಕಾರಣ ಅಲ್ಲ ಅಂತ ಅವರು ಬರೆದುಕೊಟ್ಟರೆ ನಿಮ್ಮ ಪೊಲೀಸ್ ಕೇಸಿಗೂ ಬಲ ಬರುತ್ತದೆ.

ಅಮ್ಮನನ್ನು ಠಾಣೆಗೆ ಕರೆಸುವ ಹಾಗಿಲ್ಲ. ಸಾಕ್ಷಿ ಹೇಳುವವರು ಹೆಂಗಸರಾದರೆ, ವಯಸ್ಸು ಎಷ್ಟೇ ಇರಲಿ, ಪೊಲೀಸರೇ ಮನೆಗೆ ಬಂದು ಹೇಳಿಕೆ ಬರೆದುಕೊಳ್ಳಬೇಕು.